ಡ್ಯೂಟಿ ಮುಗಿದ ಮೇಲೂ ಪಿಸ್ತೂಲು ಪೊಲೀಸರದ್ದೇ?

ಅಮೆರಿಕದಲ್ಲಿ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ತಮ್ಮ ರಾಜ್ಯ ಬಿಟ್ಟು ಬೇರೆ ಯಾವ ರಾಜ್ಯಕ್ಕೆ ಹೋದರೂ ಅಂಗಿಯ ಒಳಗೆ ಪಿಸ್ತೂಲು ಇಟ್ಟುಕೊಂಡೇ ಓಡಾಡಬಹುದು, ಅಲ್ಲಿನ ಪರವಾನಗಿ ಬೇಕಿಲ್ಲ. ನಿಮಗಿದು ಗೊತ್ತೇ? 2004ರ ಜುಲೈ 22ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾಯ್ದೆಯೊಂದು ಕೊಟ್ಟ ಹಕ್ಕಿದು. ಹೆಸರು ‘ಲಾ ಎನ್‌ಫೋರ್ಸ್‌ಮೆಂಟ್ ಆಫೀಸರ್ಸ್ ಸೇಫ್ಟಿ ಆ್ಯಕ್ಟ್’, ಚಿಕ್ಕದಾಗಿ ‘ಲಿಯೋಸಾ’. ಸೇವೆಯಲ್ಲಿರುವವರಿಗೂ ನಿವೃತ್ತರಿಗೂ ಇದು ಅನ್ವಯಿಸುತ್ತದೆ. ನಿವೃತ್ತರಿಗೆ ಮೊದಲು 15 ವರ್ಷ ಸೇವೆ ಆಗಿರಬೇಕಿತ್ತು, 2010ರ ತಿದ್ದುಪಡಿ ಅದನ್ನು 10ಕ್ಕೆ ಇಳಿಸಿತು. ವರ್ಷಕ್ಕೊಮ್ಮೆ ಸ್ವಂತ ಖರ್ಚಿನಲ್ಲಿ ಗುರಿ ಪರೀಕ್ಷೆ ಪಾಸಾಗಬೇಕು, ಕುಡಿದಿರಬಾರದು, ಒಯ್ಯುವ ಆಯುಧ ಮಷಿನ್ ಗನ್ ಆಗಿರಬಾರದು. ಮುಖ್ಯ ಷರತ್ತುಗಳು ಇಷ್ಟೇ.

ಅದೇ 2004ರಲ್ಲಿ ಇಲಿನಾಯ್ ರಾಜ್ಯದ ಸಾಮಾನ್ಯ ಪ್ರಜೆಗೆ ಮರೆಯಲ್ಲಿ ಪಿಸ್ತೂಲು ಒಯ್ಯುವ ಪರವಾನಗಿಯೇ ಇರಲಿಲ್ಲ. ಅಂಥ ಕಾನೂನು ಅಲ್ಲಿ ಬಂದದ್ದು 2013ರಲ್ಲಿ, 50 ರಾಜ್ಯಗಳ ಪೈಕಿ ಕೊನೆಯದಾಗಿ. ಅಲ್ಲಿಯವರೆಗೆ ಷಿಕಾಗೋದ ಬೀದಿಯಲ್ಲಿ ಅಕ್ಕಪಕ್ಕ ನಡೆಯುವ ಇಬ್ಬರಲ್ಲಿ ಹೊರ ರಾಜ್ಯದ ಮಾಜಿ ಪೊಲೀಸನ ಬಳಿ ಪಿಸ್ತೂಲಿದ್ದರೆ ಅದು ಹಕ್ಕು, ಅದೇ ಊರಿನ ಅಂಗಡಿಯವನ ಬಳಿ ಇದ್ದರೆ ಅಪರಾಧ.

ಸಾಮಾನ್ಯರ ಪರವಾನಗಿಗೂ ಎಲ್ಲ ರಾಜ್ಯಗಳಲ್ಲಿ ಮನ್ನಣೆ ಸಿಗಲೆಂದು 2017ರ ಡಿಸೆಂಬರಿನಲ್ಲಿ ಅಮೆರಿಕದ ಕೆಳಮನೆ ಮಸೂದೆಯೊಂದನ್ನು ಪಾಸು ಮಾಡಿತು. ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ನಿವೃತ್ತರಿಗೆ ಈ ಸವಲತ್ತು ಏಕೆ ಎಂದು ಕೇಳಿದರೆ, ಜೈಲಿಗೆ ಹೋಗಿ ಬಂದವರು ಹಳೆಯ ದ್ವೇಷ ತೀರಿಸಿಕೊಳ್ಳಬಹುದು ಎನ್ನುವ ಉತ್ತರ ಸಿಗುತ್ತದೆ. ಆ ಭಯ ಸುಳ್ಳಲ್ಲ. ಆದರೆ ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸಿನ ಭಯವೂ ಸುಳ್ಳಲ್ಲವಲ್ಲ?

ಈ ಮಾತಿಗೆ ಒಂದು ಕರುಳು ಹಿಂಡುವ ಪ್ರಕರಣವಿದೆ. 1999ರಲ್ಲಿ ಕೊಲೊರಾಡೊದ ಕ್ಯಾಸಲ್ ರಾಕ್ ಊರಿನಲ್ಲಿ, ಕೋರ್ಟಿನ ತಡೆಯಾಜ್ಞೆ ಇದ್ದರೂ ತಂದೆಯೊಬ್ಬ ತನ್ನ ಮೂವರು ಹೆಣ್ಣುಮಕ್ಕಳನ್ನು ಎತ್ತಿಕೊಂಡು ಹೋದ. ತಾಯಿ ಮತ್ತೆ ಮತ್ತೆ ಫೋನ್ ಮಾಡಿದರು, ಕೊನೆಗೆ ಠಾಣೆಗೇ ಹೋದರು. ಪೊಲೀಸರು ಹುಡುಕಲು ಹೊರಡಲಿಲ್ಲ. ಮೂರೂ ಮಕ್ಕಳು ಹೆಣವಾದವು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಹೇಳಿದ್ದು: ತಡೆಯಾಜ್ಞೆಯನ್ನು ಪೊಲೀಸರು ಜಾರಿ ಮಾಡಲೇಬೇಕು ಎಂದು ಕೇಳುವ ಸಂವಿಧಾನಬದ್ಧ ಹಕ್ಕು ಆ ತಾಯಿಗೆ ಇಲ್ಲ. ರಕ್ಷಿಸುವ ಹೊಣೆ ಇಷ್ಟು ಸಡಿಲವಾಗಿರುವ ನಾಡಿನಲ್ಲಿ, ‘ಜನರನ್ನು ಕಾಯುವವರು ಅವರು, ಬಂದೂಕು ಅವರಿಗೆ ಮಾತ್ರ ಇರಲಿ’ ಎಂಬ ವಾದವನ್ನು ನಾನಂತೂ ಒಪ್ಪಲಾರೆ.

ಪರವಾನಗಿ ಕೊಡುವ ಅಧಿಕಾರ ಪೊಲೀಸರದ್ದೇ ಆದರೆ ಏನಾಗುತ್ತದೆ? 1956ರಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಮನೆಯ ಮೇಲೆ ಬಾಂಬು ಬಿದ್ದ ಬಳಿಕ ಒಬ್ಬ ಪಾದ್ರಿ ಪಿಸ್ತೂಲು ಒಯ್ಯಲು ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಆ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್.

ಹತ್ತು ವರ್ಷ ಮುಂದಕ್ಕೆ ಬನ್ನಿ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಯುವಕರು ಗುಂಡು ತುಂಬಿದ ಬಂದೂಕು ಹಿಡಿದು ಪೊಲೀಸರ ಗಸ್ತಿನ ಹಿಂದೆಯೇ ಹೋಗುತ್ತಿದ್ದರು. ಕರಿಯರನ್ನು ಪೊಲೀಸರು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಕಣ್ಣಿಡುವುದು ಅವರ ಉದ್ದೇಶ. ಆಗಿನ ಕಾನೂನಿನಲ್ಲಿ ಅದು ತಪ್ಪೂ ಆಗಿರಲಿಲ್ಲ. 1967ರಲ್ಲಿ ಮಲ್ಫರ್ಡ್ ಕಾಯ್ದೆ ಬಂದು, ಗುಂಡು ತುಂಬಿದ ಬಂದೂಕನ್ನು ಬೀದಿಯಲ್ಲಿ ಹಿಡಿದು ಓಡಾಡುವುದು ನಿಷಿದ್ಧವಾಯಿತು. ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್.

ಅದೇ ಕ್ಯಾಲಿಫೋರ್ನಿಯಾದ ಇನ್ನೊಂದು ಸಂಗತಿ. ಅಸಾಲ್ಟ್ ರೈಫಲ್ ನಿಷೇಧಿಸಿದ ರಾಜ್ಯ ನಿವೃತ್ತ ಪೊಲೀಸರಿಗೆ ರಿಯಾಯಿತಿ ಕೊಟ್ಟಿತ್ತು. 2002ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ‘ಸಿಲ್ವೇರಾ’ ಪ್ರಕರಣದಲ್ಲಿ ಆ ರಿಯಾಯಿತಿಯನ್ನು ಹೊಡೆದುಹಾಕಿತು. ಸೇವೆಯಲ್ಲಿದ್ದವರಿಗೆ ಕೊಡಲು ಕಾರಣವಿದೆ, ನಿವೃತ್ತರಿಗೆ ಕೊಡಲು ಇಲ್ಲ, ಅದು ಸಮಾನತೆಗೆ ವಿರುದ್ಧ ಎಂದಿತು. ಎರಡೇ ವರ್ಷದಲ್ಲಿ ಲಿಯೋಸಾ ಬಂದು, ಪಿಸ್ತೂಲಿನ ಮಟ್ಟಿಗೆ ದೇಶವನ್ನೇ ಎದುರು ದಿಕ್ಕಿಗೆ ಒಯ್ದಿತು. ಆ ತೀರ್ಪಿನ ತರ್ಕವೇ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ: ಆಯುಧ ಕೆಲಸಕ್ಕೆ ಕೊಟ್ಟದ್ದು, ಕೆಲಸ ಮುಗಿದರೆ ಅದರ ಜೊತೆಗಿನ ಹಕ್ಕೂ ಮುಗಿಯಬೇಕು.

ಸೇವೆಯಲ್ಲಿರುವ ಪೊಲೀಸರನ್ನೇ ಮರೆತ ಕಾಯ್ದೆಯೂ ಇದೆ. 2013ರ ಜನವರಿಯಲ್ಲಿ ನ್ಯೂಯಾರ್ಕ್ ಅವಸರದಲ್ಲಿ ತಂದ ಕಾಯ್ದೆ ಮ್ಯಾಗಜೀನಿನಲ್ಲಿ ಏಳಕ್ಕಿಂತ ಹೆಚ್ಚು ಗುಂಡು ಇರಬಾರದು ಎಂದಿತು. ಪೊಲೀಸರಿಗೆ ವಿನಾಯಿತಿ ಬರೆಯಲು ಮರೆತೇಹೋಗಿತ್ತು! ಆಮೇಲೆ ತಿದ್ದಿದರು.

2004ರಲ್ಲಿ ಕ್ಯಾಲಿಫೋರ್ನಿಯಾ .50 ಕ್ಯಾಲಿಬರ್ ರೈಫಲನ್ನು ಜನಸಾಮಾನ್ಯರಿಗೆ ನಿಷೇಧಿಸಿತು. ಅದನ್ನು ತಯಾರಿಸುವ ಬ್ಯಾರೆಟ್ ಕಂಪನಿ, ‘ಜನರಿಗೆ ಬೇಡವಾದದ್ದು ಪೊಲೀಸರಿಗೂ ಬೇಡ’ ಎಂಬ ನಿಲುವು ತಳೆದು ಆ ರಾಜ್ಯದ ಪೊಲೀಸರಿಗೂ ಮಾರಾಟ ನಿಲ್ಲಿಸಿತು.

ಬೇರೆ ದೇಶಗಳ ಪೊಲೀಸರ ಸೊಂಟದಲ್ಲಿ ಏನಿದೆ? ಜಪಾನಿನ ಪೊಲೀಸರ ಬಳಿ ರಿವಾಲ್ವರ್ ಇರುತ್ತದೆ, ಜನಸಾಮಾನ್ಯರಿಗೆ ಕೈಬಂದೂಕು ಸಿಗುವುದೇ ಇಲ್ಲ. ಆದರೆ ಪಾಳಿ ಮುಗಿದೊಡನೆ ಆ ರಿವಾಲ್ವರ್ ಠಾಣೆಯಲ್ಲೇ ಉಳಿಯುತ್ತದೆ. ನ್ಯೂಜಿಲೆಂಡಿನಲ್ಲಿ ಬಂದೂಕು ಪೊಲೀಸ್ ಕಾರಿನಲ್ಲಿ ಬೀಗದೊಳಗೆ. 2019ರ ಕ್ರೈಸ್ಟ್‌ಚರ್ಚ್ ಹತ್ಯಾಕಾಂಡದ ನಂತರ ಸಶಸ್ತ್ರ ತಂಡಗಳನ್ನು ಪ್ರಯೋಗಕ್ಕೆ ಇಳಿಸಿದರು, 2020ರಲ್ಲಿ ಕೈಬಿಟ್ಟರು. ಐಸ್‌ಲ್ಯಾಂಡಿನಲ್ಲಿ ಬೇಟೆಯ ಬಂದೂಕು ಮನೆಮನೆಗಳಲ್ಲಿ ಸಾಮಾನ್ಯ, ಗಸ್ತಿನ ಪೊಲೀಸರದು ಮಾತ್ರ ಬರಿ ಸೊಂಟ. 1944ರಲ್ಲಿ ಗಣರಾಜ್ಯವಾದ ಆ ದೇಶದಲ್ಲಿ ಪೊಲೀಸರ ಗುಂಡಿಗೆ ಮೊದಲ ಬಾರಿ ಒಬ್ಬ ಪ್ರಾಣ ಕಳೆದುಕೊಂಡದ್ದು 2013ರ ಡಿಸೆಂಬರ್ 2ರಂದು. ಪೊಲೀಸ್ ಇಲಾಖೆ ಬಹಿರಂಗವಾಗಿ ವಿಷಾದ ಹೇಳಿತು.

ಬ್ರಿಟನ್ನಿನ ಉತ್ತರ ಐರ್ಲೆಂಡಿನಲ್ಲಿ ಪೊಲೀಸರು ಡ್ಯೂಟಿ ಇಲ್ಲದಾಗಲೂ ಪಿಸ್ತೂಲು ಇಟ್ಟುಕೊಳ್ಳಬಹುದು. ಆದರೆ ಅಲ್ಲಿ ಜೀವಬೆದರಿಕೆ ಇರುವ ಸಾಮಾನ್ಯನಿಗೂ ಆತ್ಮರಕ್ಷಣೆಗೆ ಪಿಸ್ತೂಲಿನ ಪರವಾನಗಿ ಸಿಗುತ್ತದೆ. ಅಳತೆಗೋಲು ಅಪಾಯ, ಸಮವಸ್ತ್ರವಲ್ಲ. ಬ್ರಿಟನ್ನಿನ ಬೇರೆ ಯಾವ ಭಾಗದಲ್ಲೂ ಹೀಗಿಲ್ಲ.

ನಮ್ಮಲ್ಲಿ? 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಸರ್ಕಾರಿ ನೌಕರ ‘ಕರ್ತವ್ಯದ ಭಾಗವಾಗಿ’ ಹಿಡಿದ ಆಯುಧಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. ಇನ್‌ಸ್ಪೆಕ್ಟರ್ ಸಾಹೇಬರು ತಮ್ಮ ಸ್ವಂತಕ್ಕೆ ರಿವಾಲ್ವರ್ ಕೊಳ್ಳಬೇಕೆಂದರೆ ನಿಮ್ಮ ನಮ್ಮಂತೆ ಅರ್ಜಿ ಹಾಕಿ ಲೈಸೆನ್ಸ್ ಪಡೆಯಬೇಕು. ಈ ಗೆರೆ ಅಮೆರಿಕದ್ದಕ್ಕಿಂತ ನೇರವಾಗಿದೆ. ಇಲ್ಲೂ ಅರ್ಜಿಯ ಹಣೆಬರಹ ಬರೆಯುವುದು ಪೊಲೀಸ್ ವರದಿಯೇ. ಜಿಲ್ಲೆಗಳಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು.

ಭಾರತದ ಪ್ರಜೆಗೆ ಆಯುಧ ಹೊಂದುವ ಮೂಲಭೂತ ಹಕ್ಕು ಬೇಕೆಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. 1878ರ ಬ್ರಿಟಿಷ್ ಕಾಯ್ದೆ ಭಾರತೀಯರ ಕೈಯಿಂದ ಆಯುಧ ಕಿತ್ತುಕೊಂಡು ಐರೋಪ್ಯರಿಗೆ ವಿನಾಯಿತಿ ಕೊಟ್ಟಿದ್ದ ಗಾಯ ಇನ್ನೂ ಹಸಿಯಾಗಿತ್ತು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು, ಆ ಹಕ್ಕಿನ ಮಾತಿತ್ತು. 1948ರ ಡಿಸೆಂಬರಿನಲ್ಲಿ ಅಂಬೇಡ್ಕರ್ ಅದನ್ನು ವಿರೋಧಿಸಿದರು, ತಿದ್ದುಪಡಿ ಬಿದ್ದುಹೋಯಿತು. ಅಂಬೇಡ್ಕರ್ ಹೇಳಿದ್ದೇ ಸರಿಯೆಂದು ನಂಬುವವನು ನಾನು. ಆದರೆ ಕಾಮತರ ಪ್ರಶ್ನೆಯನ್ನು ನಾವು ಮರೆಯಬಾರದಿತ್ತು.

ಕೊಡಗಿನ ಕಥೆ ಬೇರೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶ ಕೊಡವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟಿತು. ಇಂದಿಗೂ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು, ಕೈಲ್ ಮುಹೂರ್ತ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ. ಇದು ಸಮಾನತೆಗೆ ವಿರುದ್ಧವೆಂದು ಹೈಕೋರ್ಟಿಗೆ ಅರ್ಜಿ ಹೋಯಿತು. 2021ರಲ್ಲಿ ಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಪಕ್ಕದ ಮಲೆನಾಡು, ಕರಾವಳಿಯ ರೈತರಿಗೆ ಈ ನೆಮ್ಮದಿ ಇಲ್ಲ. ಲೈಸೆನ್ಸ್ ಇದ್ದರೂ ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಲು ಕರೆ ಬರುತ್ತದೆ. ಹಂದಿ, ಮಂಗಗಳಿಗೆ ಚುನಾವಣೆಯ ರಜೆ ಇಲ್ಲವಾದ್ದರಿಂದ ತೋಟ ಕಾಯುವವರ ಸಿಟ್ಟು ನ್ಯಾಯವಾದದ್ದು.

ಆತ್ಮರಕ್ಷಣೆಯ ಹಕ್ಕು ಪೊಲೀಸರಿಗೆ ಹೆಚ್ಚು, ನಮಗೆ ಕಡಿಮೆ ಎಂದುಕೊಂಡಿದ್ದೀರಾ? ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಇಬ್ಬರಿಗೂ ಒಂದೇ. ಎನ್‌ಕೌಂಟರ್‌ನಲ್ಲಿ ಸಾವಾದರೆ ಗುಂಡು ಹಾರಿಸಿದ ಅಧಿಕಾರಿ ತನ್ನ ಆಯುಧವನ್ನು ತಜ್ಞರ ಪರೀಕ್ಷೆಗೆ ಒಪ್ಪಿಸಬೇಕು, ಶೌರ್ಯ ಪ್ರಶಸ್ತಿ, ಬಡ್ತಿ ಕೂಡಲೇ ಸಿಗಬಾರದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ.

ಮತ್ತೆ ಅಮೆರಿಕಕ್ಕೆ. ಬಂದೂಕಿನ ಕಾನೂನುಗಳಲ್ಲಿ ಎಲ್ಲೆಲ್ಲೂ ವಿನಾಯಿತಿ ಪಡೆಯುವ ಪೊಲೀಸರಿಗೆ ಒಂದು ಕಡೆ ಮಾತ್ರ ಅದು ಸಿಕ್ಕಿಲ್ಲ. 1996ರ ಲಾಟೆನ್‌ಬರ್ಗ್ ತಿದ್ದುಪಡಿಯ ಪ್ರಕಾರ, ಹೆಂಡತಿ ಮಕ್ಕಳ ಮೇಲೆ ಕೈಮಾಡಿ ಶಿಕ್ಷೆಯಾದವರು, ಅಪರಾಧ ಚಿಕ್ಕದೆಂದು ಎಣಿಸಿದ್ದರೂ, ಬಂದೂಕು ಮುಟ್ಟುವಂತಿಲ್ಲ. ಪೊಲೀಸರೂ ಅಷ್ಟೇ, ಇಲಾಖೆಯ ಪಿಸ್ತೂಲೂ ಅಷ್ಟೇ.

2022ರ ಜೂನ್ 23ರಂದು ಸುಪ್ರೀಂ ಕೋರ್ಟ್ ‘ಬ್ರೂಯೆನ್’ ತೀರ್ಪಿನಲ್ಲಿ, ಪಿಸ್ತೂಲು ಒಯ್ಯಲು ವಿಶೇಷ ಕಾರಣ ಕೊಡಬೇಕೆಂಬ ನ್ಯೂಯಾರ್ಕಿನ ಷರತ್ತನ್ನು ರದ್ದು ಮಾಡಿ ಸಾಮಾನ್ಯ ಪ್ರಜೆಗೂ ಬಾಗಿಲು ತೆರೆಯಿತು. ಎರಡು ದಿನ ಕಳೆದು, ಜೂನ್ 25ರಂದು, ಅಧ್ಯಕ್ಷ ಬೈಡನ್ ಸಹಿ ಹಾಕಿದ ಕಾಯ್ದೆ ಲಾಟೆನ್‌ಬರ್ಗ್ ನಿಷೇಧವನ್ನು ಮದುವೆಯಾಗದ ಸಂಗಾತಿಯನ್ನು ಹೊಡೆದವರಿಗೂ ವಿಸ್ತರಿಸಿತು. ಅದರಲ್ಲೂ ಪೊಲೀಸರಿಗೆ ಬೇರೆ ಸಾಲು ಬರೆಯಲಿಲ್ಲ.