ಕಲ್ಕತ್ತೆಯ ಸಾಹೇಬರೂ ಕೆಲಸದವರ ಸಂಬಳವೂ

ಕೆಲಸದವಳ ಸಂಬಳದ ಮಾತು ಬಂದರೆ ನಾವು ಹೆಂಗಸರು ಎಷ್ಟು ಬೇಗ ಒಂದಾಗಿಬಿಡುತ್ತೇವೆ, ಗಮನಿಸಿದ್ದೀರಾ? ಹೋದ ತಿಂಗಳು ನಮ್ಮ ಬೀದಿಯಲ್ಲಿ ಪಾತ್ರೆ ತಿಕ್ಕುವಾಕೆ ಸಂಬಳ ಏರಿಸಿ ಅಂದಳು. ಸಂಜೆ ಜಗಲಿಯ ಮೇಲೆ ಆರು ಮನೆಯವರು ಸೇರಿ, ಯಾರೂ ಒಂದು ಪೈಸೆ ಜಾಸ್ತಿ ಕೊಡಬಾರದು ಅಂತ ತೀರ್ಮಾನಿಸಿಬಿಟ್ಟೆವು. ನಾನೂ ತಲೆಯಾಡಿಸಿದೆ.

ಅದೇ ವಾರ ಲೈಬ್ರರಿಯಿಂದ ತಂದ ಹಳೇ ಕಲ್ಕತ್ತೆಯ ಪುಸ್ತಕ ಓದುತ್ತಿದ್ದೆ. ಪ್ಲಾಸಿ ಯುದ್ಧ ನಡೆದದ್ದು 1757ರಲ್ಲಿ, ನಿಮಗೂ ನೆನಪಿರಬಹುದು. ಆಮೇಲೆ ಇಂಗ್ಲಿಷರ ಕೈಯಲ್ಲಿ ದುಡ್ಡು ಓಡಾಡಿತು, ಆಳುಕಾಳು ಹೆಚ್ಚು ಬೇಕಾಯಿತು. ಆಳುಗಳೂ ಹೆಚ್ಚು ಕೇಳಿದರು. ಕೇಳದೆ ಇರುತ್ತಾರೆಯೇ? ಸಾಹೇಬರಿಗೆ ಅದು ಸಹಿಸಲಿಲ್ಲ. 1759ರಲ್ಲಿ ಕಂಪನಿಯವರು ತಿಂಗಳ ಸಂಬಳದ ಪಟ್ಟಿಯನ್ನೇ ಹೊರಡಿಸಿದರು.

ಆ ಪಟ್ಟಿ ನೋಡಬೇಕು ನೀವು! ಖಾನ್ಸಾಮನಿಗೂ ಮುಖ್ಯ ಅಡಿಗೆಯವನಿಗೂ 5 ರೂಪಾಯಿ. ಇಡೀ ಸಂಸಾರದ ಬಟ್ಟೆ ಒಗೆಯುವ ಅಗಸನಿಗೆ 3, ಒಂಟಿ ಸಾಹೇಬನ ಬಟ್ಟೆಯಾದರೆ ಒಂದೂವರೆ. ಪಲ್ಲಕ್ಕಿ ಹೊರುವವನಿಗೆ ಎರಡೂವರೆ. ಕುದುರೆಗೆ ಹುಲ್ಲು ಕೊಯ್ದು ತರುವ ಬಡಪಾಯಿಗೆ ಒಂದು ರೂಪಾಯಿ ನಾಲ್ಕಾಣೆ. ಕ್ಷೌರದವನನ್ನೂ ಬಿಟ್ಟಿಲ್ಲ. ಹೆಚ್ಚು ಕೇಳಿದರೆ, ಹೇಳದೆ ಕೆಲಸ ಬಿಟ್ಟರೆ ಆಳಿಗೆ ಹೊಡೆತ. ಹೆಚ್ಚು ಕೊಟ್ಟ ಯಜಮಾನನಿಗೆ? ಆಳು ಕೈಕೊಟ್ಟರೆ ಕಚೇರಿಯಲ್ಲಿ ಅವನ ದೂರು ಕೇಳುವುದಿಲ್ಲ, ಅಷ್ಟೇ.

ಓದುತ್ತಾ ನನಗೆ ನಮ್ಮ ಜಗಲಿಯೇ ಕಣ್ಣ ಮುಂದೆ ಬಂತು. ನಾವು ಯಾರನ್ನೂ ಹೊಡೆಯಲಿಲ್ಲ, ನಿಜ. ಆದರೆ ಮಾತಾಡಿದ ಆರು ಜನರಲ್ಲಿ ಅವಳು ಇರಲಿಲ್ಲ.

ಎಲ್ಲರೂ ತೆಪ್ಪಗಿರಲಿಲ್ಲ ಅನ್ನಿ. 1827ರಲ್ಲಿ ಅದೇ ಕಲ್ಕತ್ತೆಯಲ್ಲಿ ಪಲ್ಲಕ್ಕಿ ಬೋಯಿಗಳು ಹೆಸರು ಬರೆಸಬೇಕು, ನಂಬರಿನ ಬಿಲ್ಲೆ ಕಟ್ಟಿಕೊಳ್ಳಬೇಕು, ಗಂಟೆಗಿಷ್ಟು ಅಂತ ಬಾಡಿಗೆ ತೆಗೆದುಕೊಳ್ಳಬೇಕು ಎಂದು ಕಾನೂನಾಯಿತು. ಗಡಿಯಾರ ಇದ್ದದ್ದು ಒಳಗೆ ಕೂತವರ ಹತ್ತಿರ, ಹೊತ್ತವರ ಹತ್ತಿರ ಅಲ್ಲವಲ್ಲ! ಹೆಚ್ಚಿನವರು ಒರಿಸ್ಸಾದಿಂದ ಬಂದವರು. ಪಲ್ಲಕ್ಕಿ ಕೆಳಗಿಟ್ಟು ಮುಷ್ಕರ ಹೂಡಿದರು. ಊರಿನ ಓಡಾಟವೇ ನಿಂತಿತು. ಒಬ್ಬ ಸಾಹೇಬ ಪಲ್ಲಕ್ಕಿಗೆ ಚಕ್ರ ಹಾಕಿಸಿ ಕುದುರೆ ಕಟ್ಟಿದನೆಂದು ಹೇಳುತ್ತಾರೆ. ಬಿಹಾರದ ಕಡೆಯ ಬೋಯಿಗಳು ಬಂದು ಕೆಲಸ ಹಿಡಿದರು. ಬಿಟ್ಟುಹೋದವರ ಮನೆಯಲ್ಲಿ ಒಲೆ ಹೇಗೆ ಉರಿಯಿತೋ.

ಮರುದಿನ ನಮ್ಮಾಕೆ ಬಂದಾಗ ಕಾಫಿ ಕೊಟ್ಟು, ಅವಳು ಕೇಳಿದಷ್ಟನ್ನು ಕೊಡುತ್ತೇನೆ ಅಂದೆ. ಎದುರು ಮನೆಯವರು ಇನ್ನೂ ನನ್ನನ್ನು ಮಾತಾಡಿಸುತ್ತಿಲ್ಲ.