ಮಕ್ಕಳ ಕುತ್ತಿಗೆಯ ಗಂಟು: ಪರೀಕ್ಷೆ ಅರ್ಧಕ್ಕೆ ನಿಲ್ಲದಿರಲಿ

ಬಳ್ಳಾರಿ: ಮಕ್ಕಳ ಕುತ್ತಿಗೆಯ ಗಂಟು ಹೆಚ್ಚಾಗಿ ಸೋಂಕಿನದು, ನಮ್ಮಲ್ಲಿ ಕ್ಷಯದ ಶಂಕೆಯೂ ಸಹಜ. ಆದರೆ ನೋವಿಲ್ಲದೆ ವಾರಗಟ್ಟಲೆ ಕರಗದ ಗಂಟು ಅಪರೂಪಕ್ಕೆ ನಿಧಾನವಾಗಿ ಬೆಳೆಯುವ ಲಿಂಫೋಮಾ ಆಗಿರಬಹುದು. ಜ್ವರವಿಲ್ಲ, ಮಗು ಆಡಿಕೊಂಡಿದೆ ಎಂದು ಹೆತ್ತವರು ಸುಮ್ಮನಿರುವುದುಂಟು.

ಇದನ್ನು ಖಚಿತಪಡಿಸಲು ಸೂಜಿ ಪರೀಕ್ಷೆ ಸಾಲದು. ಇಡೀ ಗಂಟನ್ನು ತೆಗೆದು ಬಯಾಪ್ಸಿ, ಇಮ್ಯುನೊಹಿಸ್ಟೋಕೆಮಿಸ್ಟ್ರಿ ಮಾಡಬೇಕು. ಹುಡುಗರಲ್ಲೇ ಹೆಚ್ಚಾಗಿ ಕಾಣುವ ಮಕ್ಕಳ ಮಾದರಿಯ ಫಾಲಿಕ್ಯುಲರ್ ಲಿಂಫೋಮಾವನ್ನು ವಿಶ್ವ ಆರೋಗ್ಯ ಸಂಸ್ಥೆಯ 2016ರ ವರ್ಗೀಕರಣ ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದೆ. ಅದು ಒಂದೇ ಕಡೆ ಇದ್ದರೆ ಗಂಟನ್ನು ಪೂರ್ತಿ ತೆಗೆದು, ನಿಗಾ ಇಟ್ಟರೆ ಸಾಮಾನ್ಯವಾಗಿ ಸಾಕು. ಗುರುತಿಸುವಲ್ಲಿ ತಪ್ಪಿದರೆ ಮಗು ಬೇಡದ ಕೀಮೋಥೆರಪಿಗೆ ಒಳಗಾದೀತು.

ಸಿರುಗುಪ್ಪ, ಕುರುಗೋಡಿನ ಹೆತ್ತವರು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾದರೆ ಬಯಾಪ್ಸಿಯ ಸ್ಲೈಡು, ಬ್ಲಾಕುಗಳನ್ನು ಮರೆಯದೆ ಒಯ್ಯಿರಿ.