ಉಬ್ಬರವಿಳಿತ ಮತ್ತು ಮಳೆ: ಐರೋಲಿಯ ನಿದರ್ಶನ

ಠಾಣೆ ಖಾಡಿಯ ಪೂರ್ವ ದಂಡೆಯಲ್ಲಿರುವ ಐರೋಲಿಯ ಅಂಚಿಗೆ ಸಮುದ್ರವು ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಏರಿಬಂದು ಎರಡು ಬಾರಿ ಇಳಿದುಹೋಗುತ್ತದೆ. ಚಂದ್ರ ಸೂರ್ಯರ ಸೆಳೆತದಿಂದ ಉಂಟಾಗುವ ಈ ಉಬ್ಬರವಿಳಿತಗಳ ವೇಳೆ ಪ್ರತಿದಿನ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರದ ಎತ್ತರ ಹೆಚ್ಚು.

ಉಬ್ಬರವೇ ಮಳೆಯನ್ನು ತರುತ್ತದೆಂದು ಭಾವಿಸುವವರುಂಟು. ವಸ್ತುತಃ ಇಲ್ಲಿನ ಮುಂಗಾರು ಮಳೆಗೆ ಕಾರಣ ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಬೀಸುವ ನೈಋತ್ಯ ಮಾರುತ. ಹವೆಯ ಮೇಲೆ ಉಬ್ಬರವಿಳಿತದ ಪ್ರಭಾವ ಪರೋಕ್ಷವಾದುದು: ಅದು ಆಳದ ತಣ್ಣೀರನ್ನು ಮೇಲಿನ ಬೆಚ್ಚನೆಯ ನೀರಿನೊಡನೆ ಬೆರೆಸುತ್ತದೆ. ಇಂಡೊನೇಷಿಯಾದ ದ್ವೀಪಗಳ ನಡುವಣ ಕಡಲಿನಲ್ಲಿ ಈ ಕ್ರಿಯೆ ಪ್ರಬಲವಾಗಿದ್ದು, ನೀರಿನ ಮೇಲ್ಮೈಯನ್ನು ತಂಪುಗೊಳಿಸಿ ಅಲ್ಲಿನ ಮಳೆಯ ಹಂಚಿಕೆಯನ್ನೇ ಬದಲಿಸುತ್ತದೆ.

ಐರೋಲಿಯಂತಹ ಊರುಗಳಲ್ಲಿ ಉಬ್ಬರವು ಮಳೆಯನ್ನು ತಾರದಿದ್ದರೂ ಬಿದ್ದ ಮಳೆಯ ಗತಿಯನ್ನು ನಿರ್ಧರಿಸುತ್ತದೆ. 2005ರ ಜುಲೈ 26ರ ಮಹಾಮಳೆ ಇದಕ್ಕೆ ಸಾಕ್ಷಿ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆಯಾಯಿತು. ಉಬ್ಬರದ ವೇಳೆ ಕಾಲುವೆಗಳ ನೀರು ಕಡಲಿಗೆ ಇಳಿಯಲಾರದೆ ಮುಂಬಯಿಯ ತಗ್ಗುಪ್ರದೇಶಗಳಲ್ಲಿ ಪ್ರವಾಹ ಉಲ್ಬಣಿಸಿ ನೂರಾರು ಜೀವಗಳು ಬಲಿಯಾದವು.

ಖಾಡಿಯಂಚಿನ ತಗ್ಗುಭೂಮಿಯಲ್ಲಿ ಬೆಳೆದ ನವಿ ಮುಂಬಯಿಗೆ ಸಿಡ್ಕೊ ಸಂಸ್ಥೆಯು ಮಳೆನೀರು ತಡೆದಿಡುವ ಕೊಳಗಳನ್ನು ರೂಪಿಸಿತು. ಉಬ್ಬರದಲ್ಲಿ ಕದಗಳು ಮುಚ್ಚಿ, ನೀರು ಕೊಳದಲ್ಲಿ ನಿಲ್ಲುತ್ತದೆ. ಇಳಿತದಲ್ಲಿ ಖಾಡಿಗೆ ಹರಿಯುತ್ತದೆ. ಕೊಳದಲ್ಲಿ ಹೂಳು ತುಂಬಿದಷ್ಟೂ ನೀರಿಗೆ ಎಡೆ ಕುಗ್ಗುತ್ತದೆ. ಸಮುದ್ರಮಟ್ಟ ಏರಿದಷ್ಟೂ ನೀರು ಹೊರಹರಿಯುವ ಅವಧಿ ಕಿರಿದಾಗುತ್ತದೆ. ಆದುದರಿಂದ ಇಲ್ಲಿ ಮಳೆಯ ಮುನ್ಸೂಚನೆಯನ್ನು ಉಬ್ಬರದ ವೇಳಾಪಟ್ಟಿಯೊಡನೆ ಕೂಡಿಸಿಯೇ ಓದಬೇಕಾಗುತ್ತದೆ.